ಗೇಮ್ ಕಂಪನಿಯ ಷೇರು ಕೊಳ್ಳುವ ಮುಂಚೆ ಬಾಡಿಗೆ ಲೆಕ್ಕ ನೋಡಿ

ಮುಂಬೈನ ಮಾಟುಂಗಾದಲ್ಲಿ ನಮ್ಮ ದೊಡ್ಡಪ್ಪ ಹೋಟೆಲನ್ನು ಕಂಡಕ್ಟಿಂಗ್ ಮೇಲೆ, ಅಂದರೆ ಬಾಡಿಗೆಗೆ ಪಡೆದು, ನಡೆಸುತ್ತಿದ್ದರು. ಬೋರ್ಡು, ಹೆಸರು, ಜಾಗ ಎಲ್ಲ ಬೇರೆಯವರದು. ಮಳೆಗಾಲದಲ್ಲಿ ಹಳಿ ಮೇಲೆ ನೀರು ನಿಂತು ಲೋಕಲ್ ಬಂದ್ ಆದ ದಿನವೂ ಮಾಲೀಕರ ದುಡ್ಡು ಕೊಡಲೇಬೇಕು. ವ್ಯಾಪಾರ ಜೋರಾಯಿತೋ, ಮುಂದಿನ ಕರಾರಿನಲ್ಲಿ ಮೊತ್ತ ಏರಿತು ಅಂತಲೇ ಲೆಕ್ಕ. ಸಿನಿಮಾ, ಕಾರ್ಟೂನು, ಕ್ರೀಡೆಯ ಹೆಸರನ್ನು ಲೈಸೆನ್ಸ್ ಮೇಲೆ ಬಾಡಿಗೆಗೆ ತಂದು ಗೇಮ್ ಮಾಡುವ ಕಂಪನಿಗಳದ್ದೂ ಇದೇ ಕಥೆ.

ಇಷ್ಟು ನೋಡಿ ಬೆಳೆದೂ ನಾನು ಒಮ್ಮೆ ಎಡವಿದೆ. ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡೇ 'ಆದಾಯ ಏರಿದೆ' ಅನ್ನೋ ಹೆಡ್‌ಲೈನ್ ಓದಿ ಒಂದು ಷೇರು ಕೊಂಡೆ. ಏರಿದ್ದು ಒಂದೇ ಸಿನಿಮಾದ ಗೇಮಿನಿಂದ. ಸಿನಿಮಾ ಥಿಯೇಟರ್ ಬಿಟ್ಟಿತು, ಗೇಮನ್ನು ಕೇಳೋರಿಲ್ಲದಾಯಿತು.

ಈಗ ಫಲಿತಾಂಶದ ಪಿಡಿಎಫ್ ಬಂದರೆ ಮೊದಲು 'ಔಟ್‌ಲುಕ್' (ಕಂಪನಿಯ ಮುಂದಿನ ಅಂದಾಜು) ಪುಟಕ್ಕೆ ಹೋಗುತ್ತೇನೆ. ನೀವೂ ಅಲ್ಲಿ 'ನೆಟ್ ಬುಕಿಂಗ್ಸ್' ಸಾಲು ಹುಡುಕಿ. ಆನ್‌ಲೈನ್ ಗೇಮಿನ ಆದಾಯವನ್ನು ತಿಂಗಳುಗಟ್ಟಲೆ ಹಂಚಿ ತೋರಿಸುತ್ತಾರೆ. ಈ ಮೂರು ತಿಂಗಳಲ್ಲಿ ಎಷ್ಟು ಮಾರಿತು ಅನ್ನೋದು ಬುಕಿಂಗ್ಸ್‌ನಲ್ಲಿ ಗೊತ್ತಾಗುತ್ತದೆ. ಪಕ್ಕದಲ್ಲಿ ಹಿಂದಿನ ಕ್ವಾರ್ಟರಿನ ಪಿಡಿಎಫ್ ತೆರೆದಿಡಿ, ಅಂದಾಜು ಇಳಿದಿದೆಯಾ ನೋಡಿ. 2025ರ ಜನವರಿಯಲ್ಲಿ ಇಎ (ಎಲೆಕ್ಟ್ರಾನಿಕ್ ಆರ್ಟ್ಸ್) ಅನ್ನೋ ಗೇಮ್ ಕಂಪನಿ ತನ್ನ ವರ್ಷದ ಬುಕಿಂಗ್ಸ್ ಅಂದಾಜನ್ನು 750–780 ಕೋಟಿ ಡಾಲರಿನಿಂದ 700–715 ಕೋಟಿಗೆ ಇಳಿಸಿತು. ಮುಖ್ಯ ಕಾರಣ, ಫುಟ್‌ಬಾಲ್ ಗೇಮ್ ಮಂಕಾಗಿದ್ದು. (ಫಿಫಾ ಹೆಸರನ್ನು 2023ರಲ್ಲೇ ಬಿಟ್ಟಿದ್ದರು. ಆಟಗಾರರದ್ದು, ಕ್ಲಬ್ಬುಗಳದ್ದು ಲೈಸೆನ್ಸ್ ಮಾತ್ರ ಬೇಕೇ ಬೇಕು.)

ಆಮೇಲೆ ವಾರ್ಷಿಕ ವರದಿಯಲ್ಲಿ 'ಲೈಸೆನ್ಸ್' ಪದ ಹುಡುಕಿ. ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿ: ಸ್ವಂತದ್ದು, ಬಾಡಿಗೆಯದ್ದು. ಕರಾರು ಮುಗಿಯುವ ವರ್ಷ ಕೊಟ್ಟಿದ್ದರೆ ಪಕ್ಕದಲ್ಲಿ ಬರೆದುಕೊಳ್ಳಿ.

ನಾನು ಜಾಸ್ತಿ ಹೊತ್ತು ಕೂರುವುದು ಕೊನೆಯ ಟಿಪ್ಪಣಿಗಳಲ್ಲಿ. ಯಾರೂ ಓದದ ಜಾಗ ಅಲ್ವಾ? 'ಕಮಿಟ್‌ಮೆಂಟ್ಸ್' ಅಡಿಯಲ್ಲಿ 'ಮಿನಿಮಮ್ ಗ್ಯಾರಂಟಿ' ಇರುತ್ತದೆ. ಗೇಮ್ ಒಂದೂ ಮಾರದಿದ್ದರೂ ಕಟ್ಟಬೇಕಾದ ರಾಯಲ್ಟಿ ಅದು. ದೊಡ್ಡಪ್ಪನ ಮಳೆಗಾಲದ ದುಡ್ಡು! ಮುಂಗಡ ಕೊಟ್ಟಿದ್ದು ವಸೂಲಾಗಲ್ಲ ಅಂತಾದರೆ ಅದನ್ನು ನಷ್ಟಕ್ಕೆ ಬರೆದುಬಿಡುತ್ತಾರೆ. ಲಾಭ ಇದ್ದಕ್ಕಿದ್ದಂತೆ ಕರಗಿದ್ದರೆ 'ಇಂಪೇರ್‌ಮೆಂಟ್' ಸಾಲು ನೋಡಿ.

ಟಿಎಚ್‌ಕ್ಯೂ ಕಂಪನಿ ಕುಸ್ತಿಯ ಡಬ್ಲ್ಯೂಡಬ್ಲ್ಯೂಇ, ಸ್ಪಾಂಜ್‌ಬಾಬ್, ಪಿಕ್ಸಾರ್‌ನ ಕಾರ್ಸ್ ಹೆಸರುಗಳಲ್ಲಿ ವರ್ಷಗಟ್ಟಲೆ ಚೆನ್ನಾಗಿ ದುಡಿಯಿತು. 2012ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. ಬರೀ ಲೈಸೆನ್ಸ್ ಮುಳುಗಿಸಿತು ಅನ್ನಲಾರೆ, ಯೂಡ್ರಾ ಅನ್ನೋ ಚಿತ್ರ ಬಿಡಿಸುವ ಟ್ಯಾಬ್ಲೆಟ್ ಗೋದಾಮಿನಲ್ಲೇ ಉಳಿದಿತ್ತು. ಆದರೆ ಹರಾಜು ನೋಡಿ. ಸ್ವಂತದ ಸೇಂಟ್ಸ್ ರೋ, ಕಂಪನಿ ಆಫ್ ಹೀರೋಸ್ ಗೇಮುಗಳಿಗೆ ಕೋಟಿಗಟ್ಟಲೆ ಡಾಲರ್ ಬಂತು. ಕುಸ್ತಿ ಗೇಮ್ ಮಾತ್ರ ಟೇಕ್-ಟು ಅನ್ನೋ ಇನ್ನೊಂದು ಗೇಮ್ ಕಂಪನಿಯ ಪಾಲಾಯಿತು, ಈಗಲೂ ಅಲ್ಲೇ ವರ್ಷವರ್ಷ ಬರುತ್ತಿದೆ. ದೊಡ್ಡಪ್ಪ ಹೋಟೆಲ್ ಬಿಟ್ಟಾಗ ಟೆಂಪೋದಲ್ಲಿ ಬಂದದ್ದು ಗ್ರೈಂಡರು ಮತ್ತು ಇಡ್ಲಿ ಪಾತ್ರೆ. ಗಿರಾಕಿಗಳು ಬರಲಿಲ್ಲ.

ಬಾಡಿಗೆ ಪಟ್ಟಿ ಉದ್ದವಿದ್ದರೆ ನಾನು ಅವತ್ತೇ ಕೊಳ್ಳುವುದಿಲ್ಲ. ಹಾಳೆಯನ್ನು ಫ್ರಿಜ್ಜಿನ ಮೇಲೆ ಅಂಟಿಸಿ ಇನ್ನೊಂದು ಕ್ವಾರ್ಟರ್ ಕಾಯುತ್ತೇನೆ.