ಹಲವು ವಿಷಯಗಳಲ್ಲಿ ಪ್ರಕಟಿಸಿದವರ ಸೈಟೇಷನ್ ಲೆಕ್ಕ ಹಾಕುವ ಬಗೆ

ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಂಥ ಕಡೆ ಕೆಲಸ ಮಾಡುವವರ ಪ್ರಬಂಧಗಳು ಒಂದೇ ವಿಷಯದೊಳಗೆ ನಿಲ್ಲುವುದಿಲ್ಲ. ರಾಗಿಯ ಮೇಲೆ ಮಾಡಿದ ಕೆಲಸವೇ ಒಂದು ಕಡೆ ಆಹಾರ ರಸಾಯನಶಾಸ್ತ್ರ, ಇನ್ನೊಂದು ಕಡೆ ಪೌಷ್ಟಿಕತೆ, ಮಿಲ್ಲಿನ ವಿಚಾರ ಬಂದರೆ ಎಂಜಿನಿಯರಿಂಗ್. ಬಡ್ತಿಗೋ ಅನುದಾನಕ್ಕೋ ಅರ್ಜಿ ಹಾಕುವಾಗ ಎಲ್ಲವನ್ನೂ ಕೂಡಿಸಿ, ಸೈಟೇಷನ್ (ಬೇರೆ ಪ್ರಬಂಧಗಳು ನಮ್ಮದನ್ನು ಉಲ್ಲೇಖಿಸಿದ ಎಣಿಕೆ) ನೋಡಿ ಹಾಕುವ ಎಚ್-ಇಂಡೆಕ್ಸ್ ಎಂಬ ಒಂದೇ ಅಂಕಿ ಬರೆದರೆ, ಭತ್ತವನ್ನೂ ಬೆಲ್ಲವನ್ನೂ ಒಂದೇ ಸೇರಿನಲ್ಲಿ ಅಳೆದ ಹಾಗಾಗುತ್ತದೆ. ಲೆಕ್ಕವೇನೂ ಕಷ್ಟವಲ್ಲ. ಪಟ್ಟಿ ಹಸನು ಮಾಡುವುದೇ ಮುಕ್ಕಾಲು ಕೆಲಸ.

ಮೊದಲ ತೊಡಕು ನಮ್ಮ ಹೆಸರುಗಳದ್ದೇ. ಎಂ.ಆರ್. ಕುಮಾರ್ ಎಂಬವರನ್ನು ಒಂದು ಪತ್ರಿಕೆ ‘ಕುಮಾರ್ ಎಂ.ಆರ್.’ ಎಂದು ಹಾಕಿದರೆ, ಇನಿಷಿಯಲ್ಲನ್ನೇ ಮನೆತನದ ಹೆಸರೆಂದು ತಿಳಿದ ಇನ್ನೊಂದು ಪತ್ರಿಕೆ ತಿರುಗುಮುರುಗು ಮಾಡಿರುತ್ತದೆ. ಪ್ರಬಂಧಗಳನ್ನೂ ಅವುಗಳ ಸೈಟೇಷನ್ನನ್ನೂ ದಾಖಲಿಸುವ ಡೇಟಾಬೇಸ್ ಸ್ಕೋಪಸ್ ಲೇಖಕರ ಐಡಿಯನ್ನು ತಾನೇ ಸೃಷ್ಟಿಸುವುದರಿಂದ ಒಬ್ಬರೇ ಇಬ್ಬರು ಮೂವರಾಗಿ ಒಡೆದುಹೋಗುತ್ತಾರೆ. ಇನ್ಯಾವುದೋ ಊರಿನ ಕುಮಾರರ ಪ್ರಬಂಧ ಬಂದು ಸೇರಿಕೊಳ್ಳುವುದೂ ಉಂಟು. ಸಂಸ್ಥೆಯ ವಿಳಾಸದಲ್ಲೂ ಇದೇ ಪಾಡು: 2014ರ ನವೆಂಬರ್ 1ರಂದು ಮೈಸೂರಿನ ಇಂಗ್ಲಿಷ್ ಕಾಗುಣಿತ Mysore ಇದ್ದದ್ದು Mysuru ಆಯಿತು, ಮೈಸೂರು ವಿಶ್ವವಿದ್ಯಾನಿಲಯ ಇಂಗ್ಲಿಷಿನಲ್ಲಿ ಹಳೆಯ ಕಾಗುಣಿತವನ್ನೇ ಉಳಿಸಿಕೊಂಡಿದೆ. ಹುಡುಕುವಾಗ ಎರಡನ್ನೂ ಹಾಕಿ.

ಆರ್ಕಿಡ್ ಐಡಿ ಮಾಡಿಕೊಳ್ಳಿ. ಸಂಶೋಧಕರೊಬ್ಬರಿಗೆ ಒಂದರಂತೆ ಕೊಡುವ ಹದಿನಾರು ಅಕ್ಷರಗಳ ಗುರುತು, ದುಡ್ಡು ಕೊಡಬೇಕಿಲ್ಲ. ಆಮೇಲೆ ಒಂದು ಎಕ್ಸೆಲ್ ಹಾಳೆಯಲ್ಲಿ ಪ್ರತಿ ಪ್ರಬಂಧಕ್ಕೂ ಒಂದು ಸಾಲು: ಡಿಒಐ (ಪ್ರಬಂಧಕ್ಕೆ ಕೊಡುವ ಶಾಶ್ವತ ಡಿಜಿಟಲ್ ಗುರುತು), ವರ್ಷ, ಲೇಖನವೋ ವಿಮರ್ಶಾ ಲೇಖನವೋ, ವಿಷಯ, ಸೈಟೇಷನ್. ಡಿಒಐ ಪ್ರಕಾರ ಜೋಡಿಸಿದರೆ ಎರಡೆರಡು ಸಲ ಬಂದವು ತಾವೇ ಕಣ್ಣಿಗೆ ಬೀಳುತ್ತವೆ. ಪ್ರೀಪ್ರಿಂಟಿಗೆ (ಪತ್ರಿಕೆಯಲ್ಲಿ ಬರುವ ಮೊದಲೇ ಅಂತರ್ಜಾಲದಲ್ಲಿ ಹಾಕಿದ ಪ್ರತಿಗೆ) ಡಿಒಐ ಬೇರೆ ಇರುವುದರಿಂದ ಶೀರ್ಷಿಕೆಯನ್ನೂ ಓದಲೇಬೇಕು. ಸ್ಕೋಪಸ್‌ನಲ್ಲಿ ಒಡೆದ ಐಡಿಗಳನ್ನು ಕೂಡಿಸಲು ಕೋರಿಕೆ ಕಳಿಸಬೇಕು. ಅದು ಒಂದೇ ದಿನಕ್ಕೆ ಆಗುವುದಲ್ಲ, ಅರ್ಜಿಯ ಗಡುವಿನ ಹಿಂದಿನ ದಿನ ಕೂರಬೇಡಿ. ಗೂಗಲ್ ಸ್ಕಾಲರ್ (ಪ್ರಬಂಧಗಳ ಹುಡುಕುತಾಣ) ಪ್ರೊಫೈಲಿನಲ್ಲಿ ಹೊಸ ಲೇಖನ ತಾನಾಗಿ ಸೇರುವ ಆಯ್ಕೆ ತೆಗೆದು, ಇಮೇಲ್‌ನಲ್ಲಿ ಕೇಳುವ ಆಯ್ಕೆ ಇಡಿ. ಇಲ್ಲದಿದ್ದರೆ ಬೇರೆಯವರ ಬೆಳೆ ನಿಮ್ಮ ಕಣಕ್ಕೆ ಬಂದಿರುತ್ತದೆ.

ಎಚ್-ಇಂಡೆಕ್ಸ್ 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಸೂಚಿಸಿದ್ದು: ಎಷ್ಟು ಪ್ರಬಂಧಗಳಿಗೆ ತಲಾ ಕನಿಷ್ಠ ಅಷ್ಟೇ ಸೈಟೇಷನ್ ಇದೆಯೋ, ಅಂಥ ಅತಿ ದೊಡ್ಡ ಸಂಖ್ಯೆ. ಸೈಟೇಷನ್‌ಗಳನ್ನು ಇಳಿಕೆಯಲ್ಲಿ ಬರೆದುಕೊಳ್ಳಿ: 64, 41, 30, 19, 12, 9, 8, 8, 6, 3, 1, 0. ಎಂಟನೆಯ ಪ್ರಬಂಧಕ್ಕೆ ಎಂಟು ಇದೆ, ಒಂಬತ್ತನೆಯದಕ್ಕೆ ಆರೇ. ಹಾಗಾಗಿ ಎಚ್ 8. ಹತ್ತು ಮತ್ತು ಅದಕ್ಕಿಂತ ಹೆಚ್ಚಿನವು ಐದು, ಐ10 ಇಂಡೆಕ್ಸ್ ಎಂದರೆ ಇದೇ ಎಣಿಕೆ, 5. ಮೊದಲನೆಯದು 64ರ ಬದಲು 640 ಆಗಿದ್ದರೂ ಎಚ್ ಕದಲುತ್ತಿರಲಿಲ್ಲ.

ವಿಷಯಗಳನ್ನು ಹೋಲಿಸಲು ಇದು ಸಾಲದು. ಗಣಿತದಲ್ಲಿ ಸೈಟೇಷನ್ ನಿಧಾನ, ಉಲ್ಲೇಖ ಪಟ್ಟಿಯೂ ಚಿಕ್ಕದು. ಜೀವರಸಾಯನದಲ್ಲಿ ಎರಡೂ ಉಲ್ಟಾ. ಇಲ್ಲಿ ಬೇಕಾದ್ದು ಫೀಲ್ಡ್-ವೆಯ್ಟೆಡ್ ಸೈಟೇಷನ್ ಇಂಪ್ಯಾಕ್ಟ್, ಅಂದರೆ ಎಫ್‌ಡಬ್ಲ್ಯೂಸಿಐ: ಬಂದ ಸೈಟೇಷನ್ನನ್ನು ಅದೇ ವಿಷಯದ, ಅದೇ ವರ್ಷದ, ಅದೇ ಬಗೆಯ ಪ್ರಬಂಧಗಳ ಜಾಗತಿಕ ಸರಾಸರಿಯಿಂದ ಭಾಗಿಸಿದ್ದು. 1 ಬಂದರೆ ಸರಾಸರಿ. ಕಲ್ಪಿತ ಅಂಕಿಗಳಲ್ಲಿ ನೋಡಿ: ಆಹಾರ ರಸಾಯನದ್ದು 30, ಸರಾಸರಿ 25, ಅಂದರೆ 1.2, ಮಣ್ಣಿನದ್ದು 9ಕ್ಕೆ 6, ಅಂದರೆ 1.5, ಗಣಿತದ್ದು 4ಕ್ಕೆ 2, ಅಂದರೆ 2. ಪಟ್ಟಿಯ ಕೊನೆಯಲ್ಲಿ ಕುಳಿತಿದ್ದ ನಾಲ್ಕು ಸೈಟೇಷನ್ನಿನ ಪ್ರಬಂಧವೇ ತನ್ನ ಬೀದಿಯಲ್ಲಿ ಎಲ್ಲಕ್ಕಿಂತ ಮುಂದೆ.

ಈ ಅಂಕಿ ಪ್ರಬಂಧಗಳ ಇನ್ನೊಂದು ಡೇಟಾಬೇಸ್ ಆದ ಓಪನ್‌ಅಲೆಕ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಆರ್ಕಿಡ್ ಹಾಕಿ ಹುಡುಕಿ, ಪಟ್ಟಿಯನ್ನು ಸಿಎಸ್‌ವಿಯಾಗಿ ಇಳಿಸಿಕೊಂಡು ನಿಮ್ಮ ಹಾಳೆಗೆ ಡಿಒಐ ಮೂಲಕ ಹೊಂದಿಸಿ. ವಿಷಯದ ಪಟ್ಟಿ ಮಾತ್ರ ಯಂತ್ರ ಅಂಟಿಸಿದ್ದು, ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದ ಕಡೆಯ ಕಬ್ಬಿನ ರೋಗದ ಪ್ರಬಂಧ ಬೇರೆಯದೇ ವಿಷಯದಲ್ಲಿ ಕುಳಿತಿದ್ದರೆ ಭಾಜಕವೇ ತಪ್ಪು. ಅಂಥದ್ದನ್ನು ಗುರುತು ಮಾಡಿ ಪಕ್ಕಕ್ಕಿಡಿ. ಎರಡು ವರ್ಷದೊಳಗಿನವನ್ನೂ ಬಿಡಿ, ಸರಾಸರಿಯೇ ಒಂದೆರಡು ಇರುವಾಗ ಒಂದು ಸೈಟೇಷನ್ ಬಂದರೂ ಅಂಕಿ ನೆಗೆಯುತ್ತದೆ. ವಿಷಯವೊಂದರಲ್ಲಿ ಐದಾರೇ ಪ್ರಬಂಧವಿದ್ದರೆ ಸರಾಸರಿಯ ಬದಲು ನಡುವಿನ ಬೆಲೆ (ಮೀಡಿಯನ್) ಕೊಡಿ.

ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರನ್ನು ವ್ಯಕ್ತಿಯ ಲೆಕ್ಕಕ್ಕೆ ತರಬೇಡಿ. ಹಿಂದಿನ ಎರಡು ವರ್ಷದಲ್ಲಿ ಅಚ್ಚಾದ ಲೇಖನಗಳಿಗೆ ಈ ವರ್ಷ ಬಂದ ಸೈಟೇಷನ್ನಿನ ಸರಾಸರಿ ಅದು, ನಿಮ್ಮ ಲೇಖನಕ್ಕೆ ಸೊನ್ನೆಯೂ ಇರಬಹುದು. ಲೇಖಕರ ಕ್ರಮವೂ ಎಲ್ಲೆಡೆ ಒಂದೇ ಅಲ್ಲ: ಗಣಿತದಲ್ಲಿ ಸಾಮಾನ್ಯವಾಗಿ ಅಕಾರಾದಿ, ಪ್ರಯೋಗಾಲಯದ ವಿಷಯಗಳಲ್ಲಿ ಮೊದಲ ಹೆಸರಿಗೂ ಪತ್ರಿಕೆಯೊಡನೆ ಪತ್ರವ್ಯವಹಾರ ಮಾಡುವ ಕರೆಸ್ಪಾಂಡಿಂಗ್ ಲೇಖಕರಿಗೂ ತೂಕ.

ಅರ್ಜಿಯಲ್ಲಿ ಎಚ್-ಇಂಡೆಕ್ಸಿಗೆ ಒಂದೇ ಖಾನೆ ಇದ್ದರೆ ಸ್ಕೋಪಸ್‌ದೋ ಸ್ಕಾಲರ್‌ದೋ ಎಂದೂ, ನೋಡಿದ ದಿನಾಂಕವನ್ನೂ ಜೊತೆಗೇ ಬರೆಯಿರಿ. ಸ್ಕಾಲರ್ ಪಿಎಚ್‌ಡಿ ಪ್ರಬಂಧ, ಪ್ರೀಪ್ರಿಂಟುಗಳನ್ನೂ ಎಣಿಸುವುದರಿಂದ ಅಲ್ಲಿಯ ಅಂಕಿ ಸಾಮಾನ್ಯವಾಗಿ ದೊಡ್ಡದು. ವಿಷಯವಾರು ಹಾಳೆಯನ್ನು ಅಡಕದಲ್ಲಿ ಲಗತ್ತಿಸಿ.