ಶಾಲೆಯಲ್ಲಿ ವಿಜ್ಞಾನ ಮೇಳ: ಮೊದಲು ತೀರ್ಪುಗಾರರನ್ನು ಎಣಿಸಿ

ಅರವತ್ತು ಟೇಬಲ್, ಇಬ್ಬರು ತೀರ್ಪುಗಾರರು, ಒಂದು ಗಂಟೆ. ಇಂಥ ಮೇಳಗಳನ್ನು ಹಲವು ಬಾರಿ ನೋಡಿದ್ದೇನೆ. ಮೊದಲ ಹತ್ತು ಟೇಬಲ್‌ಗಳ ಮುಂದೆ ತೀರ್ಪುಗಾರರು ಆರಾಮಾಗಿ ನಿಲ್ಲುತ್ತಾರೆ, ಪ್ರಶ್ನೆ ಕೇಳುತ್ತಾರೆ, ಬೆನ್ನು ತಟ್ಟುತ್ತಾರೆ. ಆಮೇಲೆ ಯಾರೋ ಬಂದು ಗಡಿಯಾರ ತೋರಿಸುತ್ತಾರೆ. ಅಲ್ಲಿಂದ ನಡಿಗೆ ಹೋಗಿ ಓಟ ಶುರು. ಒಂದು ಶಾಲೆಯಲ್ಲಿ ಕೊನೆಯ ಸಾಲಿನ ಹುಡುಗಿ, ಮೂರು ವಾರ ಕೂತು ಬರೆದ ನೋಟ್‌ಬುಕ್ ಹಿಡಿದು ನಿಂತೇ ಇದ್ದಳು. ಅವಳ ಟೇಬಲ್‌ಗೆ ಒಬ್ಬರೂ ಬಂದಿರಲಿಲ್ಲ, ಅಷ್ಟರಲ್ಲಿ ಮೈಕಿನಲ್ಲಿ ಬಹುಮಾನದ ಪಟ್ಟಿ ಓದಿಯಾಗಿತ್ತು.

ಹಾಗಾಗಿ ಇಲ್ಲಿ ವೇದಿಕೆ, ಬ್ಯಾನರ್, ಭಾಷಣದ ಬಗ್ಗೆ ಏನೂ ಇಲ್ಲ. ಅವು ಹೇಗೋ ಆಗುತ್ತವೆ.

1. ದಿನ ಗೊತ್ತು ಮಾಡಿ

ಎಂಟು ವಾರ ಮುಂಚೆಯೇ ಹೇಳಿಬಿಡಿ. ಪರೀಕ್ಷೆಯ ಹತ್ತಿರ ಇಟ್ಟುಕೊಳ್ಳಬೇಡಿ. ಗಿಡ ಬೆಳೆಸಿ ಅಳೆಯುವ ಮಗುವಿಗೆ ವಾರಗಟ್ಟಲೆ ಸಮಯ ಬೇಕು. ನಾಲ್ಕು ದಿನದ ಹಿಂದೆ ನೋಟಿಸ್ ಹಾಕಿದರೆ ಟೇಬಲ್ ಮೇಲೆ ಬರುವುದು ಅಂಗಡಿಯಲ್ಲಿ ಕೊಂಡ ರೆಡಿಮೇಡ್ ಮಾಡೆಲ್ ಮಾತ್ರ.

ಆ ರೆಡಿಮೇಡ್ ಕಿಟ್‌ಗಳನ್ನು ನಾನಂತೂ ಮೇಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಡಬ್ಬಿಯ ಮೇಲಿರುವ ಚಿತ್ರದಂತೆ ಜೋಡಿಸಿದರೆ ಮುಗಿಯಿತು, ಮಗುವಿಗೆ ಯೋಚಿಸಲು ಅಲ್ಲಿ ಏನೂ ಉಳಿದಿರುವುದಿಲ್ಲ.

2. ವಿಷಯ ಬೇಡ, ಪ್ರಶ್ನೆ ಬರೆಸಿ

ಪ್ರತಿ ಮಗುವಿನಿಂದ ಒಂದು ಹಾಳೆ ತೆಗೆದುಕೊಳ್ಳಿ. ಅದರಲ್ಲಿ ಐದೇ ಸಾಲು ಇರಲಿ: ನನ್ನ ಪ್ರಶ್ನೆ ಏನು, ನಾನು ಏನನ್ನು ಬದಲಾಯಿಸುತ್ತೇನೆ, ಏನನ್ನು ಅಳೆಯುತ್ತೇನೆ, ಏನನ್ನು ಹಾಗೇ ಇಡುತ್ತೇನೆ, ಎಷ್ಟು ಸಲ ಮಾಡುತ್ತೇನೆ. ಕೊನೆಯ ಸಾಲಿಗೆ ಉತ್ತರ ಮೂರಕ್ಕಿಂತ ಕಡಿಮೆ ಇದ್ದರೆ ಹಾಳೆ ವಾಪಸ್.

ಜ್ವಾಲಾಮುಖಿಯನ್ನೇ ತೆಗೆದುಕೊಳ್ಳಿ. ಅದಿಲ್ಲದ ಮೇಳ ಇಲ್ಲ, ಅಲ್ವಾ? ಅಡುಗೆ ಸೋಡಾಕ್ಕೆ ವಿನೆಗರ್ ಸುರಿದರೆ ಕಾರ್ಬನ್ ಡೈಆಕ್ಸೈಡ್ ಹೊರಟು ನೊರೆ ಉಕ್ಕುತ್ತದೆ. ನಿಜವಾದ ಜ್ವಾಲಾಮುಖಿಯೊಳಗೆ ಇಂಥ ಸೋಡಾ, ವಿನೆಗರ್ ಯಾವುದೂ ಇಲ್ಲ. ಆದರೂ ಮಗುವಿಗೆ ಬೇಡ ಅನ್ನಬೇಡಿ. ಬೆಟ್ಟವನ್ನು ಪಕ್ಕಕ್ಕಿಟ್ಟು ಒಂದು ಬಾಟಲಿ, ಒಂದು ಬಲೂನು ಕೊಡಿ. ಪ್ರತಿ ಸಲವೂ ವಿನೆಗರ್ ಅಷ್ಟೇ ಇರಲಿ. ಸೋಡಾವನ್ನು ಮಾತ್ರ ಒಂದು ಚಮಚ, ಎರಡು ಚಮಚ, ಮೂರು ಚಮಚ ಅಂತ ಹೆಚ್ಚಿಸುತ್ತಾ ಹೋಗಲಿ. ಬಲೂನಿನ ಸುತ್ತಳತೆಯನ್ನು ದಾರದಿಂದ ಅಳೆಯಲಿ. ಒಂದು ಹಂತ ದಾಟಿದ ಮೇಲೆ ಎಷ್ಟು ಸೋಡಾ ಹಾಕಿದರೂ ಬಲೂನು ಹೆಚ್ಚು ಉಬ್ಬುವುದಿಲ್ಲ, ಏಕೆಂದರೆ ವಿನೆಗರ್‌ನಲ್ಲಿದ್ದ ಆಮ್ಲ ಖಾಲಿಯಾಗಿರುತ್ತದೆ. ಅದನ್ನು ಮಗು ತಾನೇ ಕಂಡುಕೊಂಡರೆ ಸಾಕು.

3. ಅಪಾಯ ಇರುವುದನ್ನು ಆಗಲೇ ತಡೆಯಿರಿ

ಅದೇ ಹಾಳೆ ನೋಡುವಾಗಲೇ ಬೇಡ ಅಂದುಬಿಡಿ: ಬೆಂಕಿ, ಪಾದರಸ, ಗಾಢ ಆಮ್ಲ, ಮನೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ, ಪ್ರಾಣಿಗಳಿಗೆ ನೋವಾಗುವ ಯಾವ ಪ್ರಯೋಗವೂ. ಬ್ಯಾಟರಿಯಲ್ಲಿ ನಡೆಯುವ ಕೆಲಸಕ್ಕೆ ಗೋಡೆಯ ಕರೆಂಟ್ ಬೇಡ.

4. ತೀರ್ಪು: ಲೆಕ್ಕ ಹಾಕಿ

ಎಲ್ಲರೂ ಎಡವುವುದು ಇಲ್ಲೇ. ಸಾಮಾನ್ಯವಾಗಿ ಮೊದಲು ಅತಿಥಿಗಳನ್ನು ಕರೆಯುತ್ತಾರೆ, ಸಮಯ ಸಾಕೇ ಅನ್ನುವುದನ್ನು ಆಮೇಲೆ ನೋಡುತ್ತಾರೆ. ಇದನ್ನು ತಿರುಗಿಸಿ. ಮೊದಲು ಲೆಕ್ಕ, ಆಮೇಲೆ ಆಹ್ವಾನ.

60 ಪ್ರಾಜೆಕ್ಟ್ ಇವೆ ಅಂದುಕೊಳ್ಳಿ. ಒಂದೊಂದನ್ನೂ ಮೂವರು ನೋಡಬೇಕು. ಒಬ್ಬರೇ ನೋಡಿದರೆ ಅದು ಆ ಒಬ್ಬರ ಇಷ್ಟಾನಿಷ್ಟವಾಗುತ್ತದೆ. ಅಲ್ಲಿಗೆ 180 ಭೇಟಿ. ಮಗುವಿನ ಜೊತೆ ಮಾತಿಗೆ 8 ನಿಮಿಷ, ಅಂಕ ಬರೆದು ಮುಂದಿನ ಟೇಬಲ್‌ಗೆ ಹೋಗಲು 2 ನಿಮಿಷ. ಎರಡೂವರೆ ಗಂಟೆಯಲ್ಲಿ ಒಬ್ಬರು 15 ಟೇಬಲ್ ನೋಡಬಹುದು. 180ನ್ನು 15ರಿಂದ ಭಾಗಿಸಿ. 12 ಮಂದಿ ಬೇಕು. ಇಬ್ಬರಲ್ಲ, ಹನ್ನೆರಡು! ಅಷ್ಟು ಜನ ಸಿಗದಿದ್ದರೆ ಪ್ರಾಜೆಕ್ಟ್‌ಗಳ ಸಂಖ್ಯೆ ಇಳಿಸಿ, ಅಥವಾ ಮಕ್ಕಳನ್ನು ಮೂವರ ತಂಡ ಮಾಡಿ. ಮಾತಿನ ಎಂಟು ನಿಮಿಷಕ್ಕೆ ಮಾತ್ರ ಕೈ ಹಾಕಬೇಡಿ.

ಹನ್ನೆರಡು ಮಂದಿಯನ್ನು ಮೂವರಂತೆ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೂ 15 ಟೇಬಲ್ ಕೊಡಿ. ಮೂವರೂ ಒಟ್ಟಿಗೆ ಹೋಗಕೂಡದು. ಹೋದರೆ ಹಿರಿಯರೊಬ್ಬರು ಮಾತಾಡುತ್ತಾರೆ, ಉಳಿದಿಬ್ಬರು ಅವರ ಅಂಕವನ್ನೇ ಇಣುಕಿ ಬರೆಯುತ್ತಾರೆ. ಒಬ್ಬರು 1ನೇ ಟೇಬಲ್‌ನಿಂದ, ಇನ್ನೊಬ್ಬರು 6ರಿಂದ, ಮತ್ತೊಬ್ಬರು 11ರಿಂದ ಹೊರಡಲಿ. ಹತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ. ಗಂಟೆ ಆದಾಗ ಎಲ್ಲರೂ ಒಂದೊಂದು ಟೇಬಲ್ ಮುಂದಕ್ಕೆ, 15 ಮುಗಿದ ಮೇಲೆ ಮತ್ತೆ 1ಕ್ಕೆ. ಹೀಗೆ ಮಾಡಿದರೆ ಯಾರೂ ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ. ಕೊನೆಯ ಟೇಬಲ್ ಅನ್ನುವುದೇ ಇರುವುದಿಲ್ಲ.

ಅಂಕದ ಹಾಳೆ 50ಕ್ಕೆ ಇರಲಿ. ಪ್ರಶ್ನೆಗೆ 10, ಮಾಡಿದ ವಿಧಾನಕ್ಕೆ 15, ಬರೆದಿಟ್ಟ ಅಳತೆಗಳಿಗೆ 10, ಮಗು ತನ್ನ ಮಾತಿನಲ್ಲಿ ವಿವರಿಸುವುದಕ್ಕೆ 10, ಅಂದಚಂದಕ್ಕೆ 5. ಅಂದಚಂದಕ್ಕೆ ಇಷ್ಟು ಕಡಿಮೆಯೇ ಅಂತ ಪೋಷಕರು ಕೇಳುತ್ತಾರೆ. ಕೇಳಲಿ. ಮಿನುಗುವ ಪೇಪರ್ ಅಂಟಿಸಿದ್ದು ಯಾರು ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಚಾರವೇ.

ಇನ್ನೊಂದು ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಗುಂಪಿನ ಮೂವರೂ ಬಿಗಿ ಕೈಯವರು, 30ರ ಮೇಲೆ ಕೊಡುವುದೇ ಇಲ್ಲ. ಇನ್ನೊಂದು ಗುಂಪಿನವರು ಉದಾರಿಗಳು, 40ಕ್ಕಿಂತ ಕೆಳಗಿಳಿಯುವುದಿಲ್ಲ. ಎಲ್ಲ ಅಂಕಗಳನ್ನೂ ಒಂದೇ ಪಟ್ಟಿಗೆ ಹಾಕಿದರೆ ಬಿಗಿಯವರ ಗುಂಪಿನ ಒಳ್ಳೆಯ ಮಗು, ಉದಾರಿಗಳ ಗುಂಪಿನ ಸಾಧಾರಣ ಮಗುವಿಗಿಂತ ಹಿಂದೆ ಬೀಳುತ್ತದೆ. ಹಾಗಾಗಿ ಗುಂಪು ಗುಂಪಿನ ನಡುವೆ ಅಂಕ ಹೋಲಿಸಲೇಬೇಡಿ. ಪ್ರತಿ ಗುಂಪಿನಿಂದ ಮೊದಲ ಎರಡನ್ನು ಆರಿಸಿ. ಎಂಟು ಪ್ರಾಜೆಕ್ಟ್ ಆಯಿತು. ಗುಂಪಿಗೊಬ್ಬರಂತೆ ನಾಲ್ವರು ಅವನ್ನು ಮತ್ತೊಮ್ಮೆ ನೋಡಿ, ಕೂತು ಮಾತಾಡಿ ಬಹುಮಾನ ತೀರ್ಮಾನಿಸಲಿ. ಒಂದು ಗಂಟೆ ಇದಕ್ಕೇ ತೆಗೆದಿಡಿ.

ಶುರುವಾಗುವ ಮುಂಚೆ ತೀರ್ಪುಗಾರರನ್ನು ಹದಿನೈದು ನಿಮಿಷ ಕೂರಿಸಿ ಮೂರು ಮಾತು ಹೇಳಿ. ಮಗುವಿನ ಕಣ್ಣಿನ ಮಟ್ಟಕ್ಕೆ ಬಗ್ಗಿ ಮಾತಾಡಿ. ಬಾಯಿಪಾಠ ಒಪ್ಪಿಸಲು ಶುರುಮಾಡಿದರೆ ಮೆಲ್ಲಗೆ ತಡೆದು, 'ನೀನು ಅಂದುಕೊಂಡ ಹಾಗೆ ಆಗದೇ ಇದ್ದದ್ದು ಯಾವುದು?' ಅಂತ ಕೇಳಿ. ಕೈಯಾರೆ ಮಾಡಿದ ಮಗುವಿನ ಬಾಯಿ ಅಲ್ಲಿಂದ ನಿಲ್ಲುವುದಿಲ್ಲ, ಬೇರೆಯವರಿಂದ ಮಾಡಿಸಿದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಮೂರನೆಯದು, ಫಲಿತಾಂಶ ಊಹೆಗೆ ವಿರುದ್ಧ ಬಂದಿದ್ದರೆ ಅಂಕ ಕಡಿಯಬೇಡಿ.

ಆ ಶಾಲೆಯಲ್ಲಿ ಓದುವ ಮಕ್ಕಳ ತಂದೆ ತಾಯಿ ತೀರ್ಪುಗಾರರಾಗುವುದು ಬೇಡವೇ ಬೇಡ.

5. ಟೇಬಲ್ ಜೋಡಣೆ

ನೀರಿನ ಪ್ರಯೋಗ ಒಂದು ಮೂಲೆ, ಕರೆಂಟಿನದು ಗೋಡೆಯ ಪಕ್ಕ, ಸದ್ದು ಮಾಡುವುದು ಬಾಗಿಲ ಹತ್ತಿರ, ಕತ್ತಲು ಬೇಕಾದದ್ದು ಬೇರೆ ಕೋಣೆ. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದನ್ನು ಸಿಕ್ಕಿಸುವ ಸರಪಳಿ ಬೇಡ. ಬರಹ ಒಂದು ಮೀಟರ್ ದೂರದಿಂದ ಓದಲು ಬರಬೇಕು.

ಥರ್ಮಾಕೋಲ್ ಬಗ್ಗೆ ಒಂದು ಮಾತು. ರಬ್ಬರು, ಚಪ್ಪಲಿ ಅಂಟಿಸುವ ಘಾಟಿನ ಅಂಟು ಥರ್ಮಾಕೋಲನ್ನು ಕರಗಿಸಿ ತೂತು ಮಾಡುತ್ತದೆ. ಬಿಸಿ ಗ್ಲೂ ಗನ್‌ನದೂ ಅದೇ ಕಥೆ. ನನ್ನನ್ನು ಕೇಳಿದರೆ ಥರ್ಮಾಕೋಲೇ ಬೇಡ, ಹಳೆಯ ರಟ್ಟಿನ ಡಬ್ಬಿಯನ್ನು ಮೂರು ಮಡಿಕೆ ಮಾಡಿದರೆ ತಾನೇ ನಿಲ್ಲುತ್ತದೆ.

6. ಮುಂಚಿನ ದಿನ ಒಮ್ಮೆ ಮಾಡಿ ನೋಡಿ

ನಿಂಬೆಹಣ್ಣಿನ ಬ್ಯಾಟರಿ ತಂದವರಿಗೆ ಸಾಮಾನ್ಯವಾಗಿ ಮೇಳದ ದಿನ ಅಳು. ತಾಮ್ರ, ಸತು ಚುಚ್ಚಿದ ಒಂದು ಹಣ್ಣು ಸುಮಾರು 0.9 ವೋಲ್ಟ್ ಕೊಡುತ್ತದೆ. ಕೆಂಪು ಎಲ್‌ಇಡಿಗೆ ಎರಡು ವೋಲ್ಟ್ ಹತ್ತಿರ ಬೇಕು. ಹಾಗಾಗಿ ಮೂರು ನಾಲ್ಕು ಹಣ್ಣುಗಳನ್ನು ಸಾಲಾಗಿ ಜೋಡಿಸಬೇಕು. ಆದರೂ ಬೆಳಕು ಮಂಕೇ. ಟಾರ್ಚಿನ ಬಲ್ಬಂತೂ ಹತ್ತುವುದೇ ಇಲ್ಲ, ಅಷ್ಟು ಕರೆಂಟ್ ಹಣ್ಣಿನಲ್ಲಿಲ್ಲ. ಇಂಥದ್ದೆಲ್ಲ ಮುಂಚಿನ ದಿನವೇ ಗೊತ್ತಾದರೆ ಸರಿಮಾಡಿಕೊಳ್ಳಬಹುದು.

ಟೇಪು, ಕತ್ತರಿ, ವಯರು, ಹೊಸ ಬ್ಯಾಟರಿ, ಮಾರ್ಕರ್, ನೆಲ ಒರೆಸುವ ಬಟ್ಟೆ ತುಂಬಿದ ಒಂದು ಡಬ್ಬಿ ಬಾಗಿಲ ಬಳಿ ಇರಲಿ.

7. ಮುಗಿದ ಮೇಲೆ

ತೀರ್ಪುಗಾರರು ಬರೆದ ಎರಡು ಸಾಲಿನ ಟಿಪ್ಪಣಿಯನ್ನು ಅಂಕ ಮುಚ್ಚಿ ಎಲ್ಲ ಮಕ್ಕಳಿಗೂ ಕೊಡಿ, ಗೆದ್ದವರಿಗೆ ಮಾತ್ರ ಅಲ್ಲ. ಐದು ಸಾಲಿನ ಹಾಳೆಗಳನ್ನು ಒಂದು ಫೈಲಿನಲ್ಲಿಡಿ, ಮುಂದಿನ ವರ್ಷ ಅದೇ ಜ್ವಾಲಾಮುಖಿ ಮತ್ತೆ ಬಂದರೆ ತೆಗೆದು ತೋರಿಸಬಹುದು. ಬಳಸಿದ ಬ್ಯಾಟರಿಗಳನ್ನು ಕಸದ ಬುಟ್ಟಿಗೆ ಎಸೆಯದೆ ಬೇರೆ ಡಬ್ಬಿಗೆ ಹಾಕಿಸಿ.