ಅಕ್ರೋಟಿನ ಕಮಟು: ನನ್ನ ಅನುಭವ

ಪಾಶ್ಚರೀಕರಿಸಿದ ಅಕ್ರೋಟು ತಿರುಳನ್ನೇ ಸಗಟಾಗಿ ತರಿಸುತ್ತಿದ್ದರೂ ನಮ್ಮ ಬಿಸ್ಕತ್ತು ಆರೇ ವಾರಕ್ಕೆ ಕಮಟು ಹಿಡಿಯುತ್ತಿತ್ತು. ನಾನು ಮೊದಲು ಬೈದದ್ದು ಬೆಣ್ಣೆಯನ್ನು, ಪಾಪ! ಕೊನೆಗೊಂದು ದಿನ ಹೊಸ ಪೆಟ್ಟಿಗೆ ಬಿಚ್ಚಿ ತಿರುಳನ್ನು ಮುರಿದೆ. ಬೆಳ್ಳಗಿರಬೇಕಾದ ಒಳಭಾಗ ಹಳದಿಗೆ ತಿರುಗಿತ್ತು. ಹಳೆಯ ಪೇಂಟ್ ಡಬ್ಬಿಯ ವಾಸನೆ. ಪೂರೈಕೆದಾರರ ಪ್ರಮಾಣಪತ್ರದಲ್ಲಿದ್ದ ಲಾಟ್ (ಒಟ್ಟಿಗೆ ತಯಾರಾದ ಸರಕಿನ ಕಂತು) ಸಂಖ್ಯೆಯೇ ಬೇರೆ, ಪೆಟ್ಟಿಗೆಯ ಮೇಲಿನದೇ ಬೇರೆ.

ಪಾಶ್ಚರೀಕರಣ ಸಾಲ್ಮೊನೆಲ್ಲಾದಂಥ ರೋಗಾಣುಗಳನ್ನು ಕೊಲ್ಲುತ್ತದೆ, ಎಣ್ಣೆ ಹಳಸುವುದನ್ನು ತಡೆಯುವುದಿಲ್ಲ. ಇಷ್ಟು ತಿಳಿಯಲು ನನಗೆ ಮೂರು ಲಾಟ್ ಬೇಕಾಯಿತು.

ಪೂರೈಕೆದಾರರನ್ನು ಬದಲಿಸಿದೆ. ಈಗ ಕೊಯ್ಲಿನ ವರ್ಷ, ಪೆರಾಕ್ಸೈಡ್ ಮೌಲ್ಯ (ಎಣ್ಣೆ ಹಳಸುತ್ತಿದೆಯೇ ಎಂದು ತೋರಿಸುವ ಅಳತೆ), ತೇವಾಂಶ, ಸಾಲ್ಮೊನೆಲ್ಲಾ ವರದಿ ಎಲ್ಲವೂ ಅದೇ ಲಾಟಿನದಾಗಿರಬೇಕು. ಮಾದರಿಯನ್ನು ಅಗಿದು ನೋಡದೆ ಆರ್ಡರ್ ಕೊಡುವುದಿಲ್ಲ. ನಿರ್ವಾತ ಚೀಲಗಳು ನೇರವಾಗಿ 4 ಡಿಗ್ರಿ ಸೆಲ್ಸಿಯಸ್‌ನ ಶೀತಲ ಕೊಠಡಿಗೆ ಹೋಗುತ್ತವೆ. ನಾಲ್ಕು ತಿಂಗಳ ಹಿಂದಿನ ಬಿಸ್ಕತ್ತನ್ನು ನಿನ್ನೆ ತಿಂದೆ, ಕಮಟಿಲ್ಲ.